ನಾಲ್ಕನೇ ರೀಜನ್ನಿನ ಹುಳಗಳು

ರೇಷ್ಮೆಹುಳದ ರೋಗಕ್ಕೂ ತಾಲ್ಲೂಕಿನ ಗಡಿ ಇದೆ ಎಂಬುದು ೧೯೯೯ರಲ್ಲಿ ಅಧಿಕೃತವಾಗಿ ತೀರ್ಮಾನವಾಯಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ರೇಷ್ಮೆ ಬೆಳೆಗಾರರ ಸಂಘಕ್ಕೆ ಜಪಾನಿನ ತಜ್ಞರೊಬ್ಬರು ಒಂದು ಡಿವಿಡಿ ಕೊಟ್ಟು ಹೋಗಿದ್ದರು. ಹುಳ ಊದಿಕೊಂಡು ಸಾಯುವ ಹಾಲುರೋಗ ತಗುಲಿದರೆ ಏನು ಮಾಡಬೇಕೆಂದು ಅದರಲ್ಲಿತ್ತು. ಡಿವಿಡಿ ಕಂಪನಿಗಳು ಲೋಕವನ್ನು ಆರು ರೀಜನ್ನುಗಳಾಗಿ ಹಂಚಿಕೊಂಡಿದ್ದು, ಎರಡನೆಯದಾದ ಜಪಾನಿನ ಡಿಸ್ಕು ಇಲ್ಲಿಯ ಪ್ಲೇಯರಿನಲ್ಲಿ ಓಡುವುದಿಲ್ಲವಾದ್ದರಿಂದ, ಎಲ್ಲ ರೀಜನ್ನೂ ಓಡಿಸುವ ಅಗ್ಗದ ಪ್ಲೇಯರ್ ಕೊಳ್ಳಲು ಸಭೆ ಒಪ್ಪಿತು. ಅದೇ ವಾರ ಶಿಡ್ಲಘಟ್ಟ ತಾಲ್ಲೂಕು ಮೇಲೂರಿನ ಗಂಗುಲಮ್ಮನ ಹುಳಗಳು, ನಾಲ್ಕನೇ ಸಲ ಪೊರೆ ಬಿಟ್ಟು, ಅಂದರೆ ನಾಲ್ಕನೇ ಜ್ವರ ಎದ್ದು ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ, ಊದಿಕೊಳ್ಳತೊಡಗಿದವು.

ಅಧ್ಯಕ್ಷ ಆವಲಪ್ಪನವರೂ ಕಾರ್ಯದರ್ಶಿ ಚಲಪತಿಯೂ ಅಂಗಡಿಗೆ ದಯಮಾಡಿಸಿದರು.

“ಆರೂ ರೀಜನ್ ಓಡುತ್ತೆ ಸಾರ್. ಮಲ್ಟಿ ಫಾರ್ಮ್ಯಾಟ್ ಬೇರೆ,” ಅಂದ ಅಂಗಡಿಯವನು.

“ನಮ್ಮದು ನಾಲ್ಕೇ ತಾಲ್ಲೂಕು ಕಣಪ್ಪ. ಮಿಕ್ಕಿದ್ದೆರಡರ ದುಡ್ಡು ನಾವ್ಯಾಕೆ ಕೊಡಣ? ತೆಗೆದುಬಿಡು,” ಅಂದರು ಆವಲಪ್ಪ.

ಅಂಗಡಿಯವನು ವ್ಯಾಪಾರದಲ್ಲಿ ಪಳಗಿದವನು. ಡಬ್ಬದ ಮೇಲಿದ್ದ ಐದನ್ನೂ ಆರನ್ನೂ ಬ್ಲೇಡಿನಲ್ಲಿ ಕೆರೆದು ಬೆಲೆ ಇಳಿಸಿದ. ಬಿಲ್ಲನ್ನು ಮಾತ್ರ ಆರಕ್ಕೇ ಬರೆಸಲಾಯಿತು. ಫಾರ್ಮ್ಯಾಟ್ ಅಂದರೆ ಅರ್ಜಿಯ ನಮೂನೆ ಎಂದು ಬಲ್ಲ ಚಲಪತಿ, ಸಂಜೆಯೊಳಗೆ ಡಿಸ್ಕು ನೋಡಬಯಸುವವರಿಗೆಂದು ಮೂರು ಬಗೆಯ ಅರ್ಜಿ ಅಚ್ಚು ಹಾಕಿಸಿದ.

ಆಮೇಲೆ ಪ್ರಕಟಣೆ ಹೊರಟಿತು: “ಚಿಕ್ಕಬಳ್ಳಾಪುರ ರೀಜನ್ ಒಂದು, ಗೌರಿಬಿದನೂರು ಎರಡು, ಚಿಂತಾಮಣಿ ಮೂರು, ಶಿಡ್ಲಘಟ್ಟ ನಾಲ್ಕು. ಡಿಸ್ಕಿನ ಮೇಲೆ ‘೨’ ಎಂದಿರುವುದರಿಂದ ಸದರಿ ಡಿಸ್ಕನ್ನು ಗೌರಿಬಿದನೂರಿನವರು ಮಾತ್ರ ನೋಡತಕ್ಕದ್ದು. ಇತರರು ಕಣ್ಣು ಹಾಯಿಸಿದಲ್ಲಿ ಸದಸ್ಯತ್ವ ರದ್ದು.”

ಗಂಗುಲಮ್ಮ ಮೂರೂ ಅರ್ಜಿ ಹಿಡಿದು ಬಂದಳು.

“ಯಾವ ತಾಲ್ಲೂಕಮ್ಮ?” ಅಂದ ಚಲಪತಿ.

“ನಿಂಗೊತ್ತಿಲ್ವೇನಪ್ಪ? ಮೇಲೂರಲ್ಲಿ ನಿಮ್ಮತ್ತೆ ಮನೆ ಪಕ್ಕದ್ದೇ ನಮ್ಮನೆ.”

“ಹಂಗಾದ್ರೆ ನಾಲ್ಕನೇ ರೀಜನ್. ಆಗಲ್ಲ.”

“ಹುಳ ಸಾಯ್ತಾ ಅವೆ ಕಣಪ್ಪ! ಟೀವಿಗೆ ಬೆನ್ನು ಮಾಡ್ಕೊಂಡು ಕೂತ್ಕೊತೀನಿ. ಮಾತಾದ್ರೂ ಕೇಳುಸ್ಕೊಂಡು ಹೋಗ್ತೀನಿ.”

“ಮಾತೆಲ್ಲ ಜಪಾನೀಲಿ ಐತೆ.”

“ನಿನ್ ಮಾತಿಗಿಂತ ಅದೇ ಅರ್ಥ ಆದೀತು ಬಿಡು.”

ಅರ್ಜಿ ತಿರಸ್ಕೃತವಾಯಿತು. ಗೌರಿಬಿದನೂರಿನಲ್ಲಿ ಪ್ರದರ್ಶನ ಯಶಸ್ವಿಯಾಯಿತು. ನೋಡಲು ಬಂದವರಲ್ಲಿ ಹುಳ ಸಾಕುವವರು ಯಾರೂ ಇರಲಿಲ್ಲ. ಫೈಟಿಂಗ್ ಇಲ್ಲವೆಂದು ಅರ್ಧಕ್ಕೇ ಎದ್ದು ಹೋದರು.

ಗಂಗುಲಮ್ಮನ ಹುಳಗಳೆಲ್ಲ ಸತ್ತವು. ಆಕೆ ಒಂದು ತಟ್ಟೆ ಸತ್ತ ಹುಳ ತಂದು ಅಧ್ಯಕ್ಷರ ಮೇಜಿನ ಮೇಲೇ ಇಟ್ಟಳು. ಆವಲಪ್ಪ ಮೂಗು ಮುಚ್ಚಿಕೊಂಡು ಪರಿಶೀಲಿಸಿದರು.

“ಈ ರೋಗ ಎರಡನೇ ರೀಜನ್ ಡಿಸ್ಕಲ್ಲಿರೋದು ತಾನೇ? ನಾಲ್ಕನೇ ರೀಜನ್ನಿಗೆ ಬರಕ್ಕೆ ಅವಕಾಶವೇ ಇಲ್ಲ. ನಿನ್ ಹುಳ ಸತ್ತಿಲ್ಲ ಕಣಮ್ಮ.”

ಸರ್ವಾನುಮತದಿಂದ ಹುಳಗಳು ಬದುಕಿವೆ ಎಂದು ಠರಾವಾಯಿತು.

ಗಂಗುಲಮ್ಮ ತಟ್ಟೆಯನ್ನು ಅಧ್ಯಕ್ಷರತ್ತ ಇನ್ನಷ್ಟು ಸರಿಸಿದಳು. ಆಮೇಲೆ ಕೇಳಿದಳು: “ಬದುಕವೆ ಅಂದ್ರೆ ಮೇವು ಹಾಕ್ಬೇಕಲ್ಲ ಸ್ವಾಮಿ. ಸೊಪ್ಪಿನ ದುಡ್ಡು ಯಾರು ಕೊಡ್ತಾರೆ?”

ಪ್ರಶ್ನೆ ನಿಯಮಬದ್ಧವಾಗಿತ್ತು. ಅಂದಿನಿಂದ ಸಂಘವು ಆಕೆಯ ತೋಟದ್ದೇ ಹಿಪ್ಪುನೇರಳೆ ಸೊಪ್ಪನ್ನು ದಿನವೂ ಕೊಂಡು, ಆಕೆಯ ಹುಳಗಳಿಗೆಂದು ಮಂಜೂರು ಮಾಡುತ್ತಿದೆ. ಸೊಪ್ಪನ್ನು ಅಧ್ಯಕ್ಷರ ಎಮ್ಮೆ ತಿನ್ನುತ್ತದೆ. ಎಮ್ಮೆ ಯಾವ ರೀಜನ್ನಿನದೆಂದು ಯಾರೂ ಕೇಳಿಲ್ಲ.

ಗೂಡು ಯಾವಾಗ ಕಟ್ಟುತ್ತವೆ ಎಂದು ಪ್ರತಿ ಸಭೆಯಲ್ಲೂ ವಿಚಾರಿಸಲಾಗುತ್ತದೆ.

“ಇವತ್ತೋ ನಾಳೆಯೋ ಸ್ವಾಮಿ,” ಎಂದು ಗಂಗುಲಮ್ಮ ವರದಿ ಒಪ್ಪಿಸುತ್ತಾಳೆ.