ಅವಧೂತನ ಕ್ಯಾಲ್ಶಿಯಂ

ಅವಧೂತ ಜಮಖಂಡಿಯ ಹೆಬ್ಬೆರಳು ಒಂದು ಗೆರೆ ಕೆಳಗೆ ಬಿದ್ದದ್ದೇ ಇಷ್ಟಕ್ಕೆಲ್ಲ ಕಾರಣ. ಶನಿವಾರ ಬೆಳಿಗ್ಗೆ ಏಳಕ್ಕೆ ಲ್ಯಾಬಿನಿಂದ ರಕ್ತದ ರಿಪೋರ್ಟು ಮೊಬೈಲಿಗೆ ಬಂತು. ಅದನ್ನು ಡಾಕ್ಟರ್ ಶರ್ವರಿಯವರಿಗೆ ಕಳಿಸಬೇಕಿತ್ತು. ಅರೆಗಣ್ಣಿನಲ್ಲಿ ಕಳಿಸಿದ. ಅದು ನೆಟ್ಟಗೆ ಹೋಗಿ ಅವನ ಕೋಥರೂಡ ಸೊಸೈಟಿಯ, ಅಂದರೆ ಇಡೀ ಅಪಾರ್ಟ್‌ಮೆಂಟಿನ, ವಾಟ್ಸ್ಯಾಪ್ ಗುಂಪಿನಲ್ಲಿ ಬಿತ್ತು. ಶರ್ವರಿಯ ಕೆಳಗೇ ಸೊಸೈಟಿ ಇದ್ದದ್ದು ಅವನ ಗ್ರಹಚಾರ. ಅಳಿಸುವಷ್ಟರಲ್ಲಿ ನಲವತ್ತೊಂದು ಮಂದಿ ನೋಡಿಯಾಗಿತ್ತು.

ಪಾಪ, ಅವನಾದರೂ ಏನು ಮಾಡಿಯಾನು? ಎಂಟು ತಿಂಗಳಿಂದ ಮೈಯಲ್ಲಿ ತ್ರಾಣವೇ ಇರಲಿಲ್ಲ. ಇನ್ನೂ ಐವತ್ತು ದಾಟದವನು ಎರಡು ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಮಗರಪಟ್ಟಾದ ಆಫೀಸಿನಲ್ಲಿ ಊಟವಾದದ್ದೇ ತಡ, ಫೈಲುಗಳ ಹಿಂದೆ ತಲೆಯಿಟ್ಟು ನಿದ್ದೆ. ಸಾಹೇಬರು ಬಂದರೆ ಪಕ್ಕದ ಮೇಜಿನ ಸೊಲ್ಲಾಪುರದ ಸುಹಾಸ ಕೆಮ್ಮಿ ಎಬ್ಬಿಸಬೇಕು, ಅದಕ್ಕೆ ಬದಲಾಗಿ ಅವಧೂತನ ಡಬ್ಬಿಯ ಮೊಸರು ಸುಹಾಸನಿಗೆ ಎಂದು ಇಬ್ಬರಲ್ಲೂ ಮೊದಲ ತಿಂಗಳಲ್ಲೇ ಒಪ್ಪಂದವಾಗಿತ್ತು. ಹೀಗೇ ದಿನ ದೂಡುತ್ತಿದ್ದವನನ್ನು ಹೆಂಡತಿ ಇಂದೂ ಕೊನೆಗೆ ಕೈಹಿಡಿದು ಎಳೆದುಕೊಂಡು ಹೋಗಿ ರಕ್ತ ಕೊಡಿಸಿದ್ದಳು.

ರಿಪೋರ್ಟಿನಲ್ಲಿ ಎರಡು ಬಾಣಗಳಿದ್ದವು. ಕ್ಯಾಲ್ಶಿಯಂ ಹನ್ನೆರಡು, ಬಾಣ ಮೇಲಕ್ಕೆ. ವಿಟಮಿನ್ ಡಿ ಒಂಬತ್ತು, ಬಾಣ ಕೆಳಕ್ಕೆ. ಏಳೂಕಾಲಿಗೆ ಬಾಗಿಲ ಗಂಟೆ ಹೊಡೆಯಿತು.

ಮೊದಲು ಬಂದವರು ಕೆಳಮನೆಯ ಗೋದಾ ಮೌಶಿ. ನಿಪ್ಪಾಣಿಯವರು, ಕನ್ನಡ ಮರಾಠಿ ಎರಡರಲ್ಲೂ ಔಷಧ ಹೇಳಬಲ್ಲವರು. ಅವರ ಬೆನ್ನಿಗೇ ಎದುರುಮನೆಯ ಬೆಂಗಳೂರಿನ ಹುಡುಗ ಪ್ರಜ್ವಲ, ಜಿಮ್ಮಿನ ಬನಿಯನ್ನಿನಲ್ಲೇ.

"ಅಂಕಲ್, ಕ್ಯಾಲ್ಶಿಯಂ ಹೈ ಇದೆ ಅಂದ್ರೆ ಬೋನ್ಸ್ ಸೂಪರ್ ಸ್ಟ್ರಾಂಗ್ ಅಂತ. ಟೆನ್ಷನ್ನೇ ತಗೋಬೇಡಿ," ಎಂದ ಪ್ರಜ್ವಲ.

"ಜಾಸ್ತಿ ಇದ್ದದ್ದು ಛಲೋನ ಆತಲ್ಲ. ಕಡಿಮಿ ಇದ್ದದ್ದು ತುಂಬಸ್ಬೇಕು," ಎಂದರು ಮೌಶಿ. "ಡಿ ಅಂದ್ರ ಬಿಸಲು. ಏಳ್ರಿ ಅವಧೂತರಾವ್, ಅಂಗಿ ತಗೀರಿ, ಟೆರೇಸಿಗೆ ನಡೀರಿ. ಹೆಂಗೂ ನಾ ಕುರಡಗಿ ಸಂಡಿಗಿ ಒಣಹಾಕೀನಿ, ಪಾರಿವಾಳ ಹೊಡದಂಗೂ ಆಗ್ತದ."

ಬೇಡ ಎನ್ನಲಿಕ್ಕೂ ತ್ರಾಣ ಬೇಕಲ್ಲ. ಹೋಗಿ ಬರಿಮೈಯಲ್ಲಿ ಕೂತ. ಐದು ನಿಮಿಷಕ್ಕೆ ಕಣ್ಣು ಎಳೆಯಿತು. ಪಾರಿವಾಳಗಳು ಹಾಯಾಗಿ ಕುರಡಗಿ ತಿಂದವು, ಉಳಿದದ್ದರ ಮೇಲೆ ಅವಧೂತ ಮಗ್ಗಲು ಬದಲಿಸಿದ. ಹನ್ನೊಂದಕ್ಕೆ ಎಬ್ಬಿಸಿದಾಗ ಬೆನ್ನು ಕೆಂಪಾಗಿ ಸುಟ್ಟಿತ್ತು, ಅದರ ತುಂಬ ಶಾವಿಗೆಯಂಥ ಗೆರೆಗಳು. ಎರಡು ದಿನದ ಕುರಡಗಿ ಪುಡಿಪುಡಿ.

ಗೋದಾ ಮೌಶಿ ಬೈಯಲಿಲ್ಲ. "ಇರ್ಲಿ ಬಿಡ್ರಿ, ಮತ್ತ ಮಾಡ್ಕೋತೀನಿ," ಎಂದು ಪುಡಿಯನ್ನು ಮೆಲ್ಲಗೆ ಬಳಿದುಕೊಂಡರು. ಒಂದು ಚಪ್ಪಲಿ ತುಳಿದರೆ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುವ ಹೆಂಗಸು ಹೀಗೆ ಸುಮ್ಮನಾದದ್ದು ಕಂಡು ಅವಧೂತನಿಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು.

ಮಧ್ಯಾಹ್ನ ಗಂಡ ಹೆಂಡತಿ ಕ್ಯಾಂಪ್ ಬಡಾವಣೆಯ ದವಾಖಾನೆಗೆ ಹೋದರು. ಡಾಕ್ಟರ್ ಶರ್ವರಿ ಬೆಳಗಾವಿ ಕಡೆಯವರು. ರಿಪೋರ್ಟನ್ನು ಎರಡು ಸಲ ಓದಿದರು.

"ಕ್ಯಾಲ್ಶಿಯಂ ಗುಳಿಗಿ ಏನರ ತಗೋತೀರೇನು? ಆ್ಯಸಿಡಿಟಿ ಗುಳಿಗಿ? ಎಲಿ-ಅಡಕಿ?"

"ಯಾವುದೂ ಇಲ್ರಿ."

ಇಂದೂ ತನ್ನ ಚೀಲದ ಜಿಪ್ಪನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

"ನೋಡ್ರಿ, ರಕ್ತದಾಗ ಇಷ್ಟು ಕ್ಯಾಲ್ಶಿಯಂ ಬರಬೇಕಂದ್ರ ಹೊರಗಿಂದ ಬರಬೇಕು, ಇಲ್ಲಾ ನಿಮ್ಮ ಎಲುಬು ಕರಗಿ ಬರ್ಲಿಕ್ಕೆ ಹತ್ತಿರಬೇಕು. ಹೊರಗಿಂದ ಇಲ್ಲ ಅಂತೀರಿ. ಹಂಗಾದ್ರ ಒಳಗ ಏನೋ ಅದ. ಕುತ್ತಿಗ್ಯಾಗಿನ ಸಣ್ಣ ಗ್ರಂಥಿ ಕೆಟ್ಟಿದ್ರ ನಮ್ಮ ಪುಣ್ಯಾ."

"ಅದಲ್ಲಾ ಅಂದ್ರ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಬ್ಯಾರೆ ಎಲ್ಲೆರೆ ಗಡ್ಡಿ, ಅಂದ್ರ ಟ್ಯೂಮರ್, ಇರಬಹುದು. ಸೋಮವಾರ ಅಡ್ಮಿಟ್ ಆಗ್ರಿ, ಎಲ್ಲಾ ತಪಾಸ ಮಾಡೂಣು. ಅಲ್ಲೀತನಕ ಡಿ ಗುಳಿಗಿನೂ ಬ್ಯಾಡ, ಬಿಸಲೂ ಬ್ಯಾಡ." ಮತ್ತೆ ಮುಚ್ಚಳ ತೆಗೆದು ಅಡ್ಮಿಟ್ ಆಗಲು ಒಂದು ಚೀಟಿ ಬರೆದುಕೊಟ್ಟರು.

ಆಟೋದಲ್ಲಿ ಅವಧೂತ ಕನ್ನಡಿಯಲ್ಲಿ ತನ್ನ ಕುತ್ತಿಗೆಯನ್ನೇ ನೋಡುತ್ತ ಕೂತ. ದೇವರೇ, ಕೆಟ್ಟಿದ್ದರೆ ಕುತ್ತಿಗೆಯೇ ಕೆಟ್ಟಿರಲಿ ಎಂದು ಬೇಡಿಕೊಂಡ. ಇಂಥ ಹರಕೆ ಹೊರುವ ಕಾಲವೂ ಬಂತಲ್ಲ ಎಂದು ನಗು ಬಂತು, ನಗಲಿಕ್ಕಾಗಲಿಲ್ಲ. ಇಂದೂ ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮನೆಗೆ ಬಂದವಳೇ ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯ ಹಿಂದಿನಿಂದ ಅಂಗೈಯಗಲದ ಇನ್ನೊಂದು ಡಬ್ಬಿ ತಂದು ಅವನ ಮುಂದಿಟ್ಟಳು. ಒಳಗೆ ಬಿಳಿ ಸುಣ್ಣ, ಎಲೆಗೆ ಹಚ್ಚುವಂಥದ್ದು.

"ರೀ, ಬೈಬ್ಯಾಡ್ರಿ. ನಾಲ್ಕ ತಿಂಗಳಿಂದ ನಿಮಗ ಸುಣ್ಣಾ ತಿನಸ್ಲಿಕ್ಕೆ ಹತ್ತೀನಿ."

"ಏನಂದಿ?"

"ಸುಸ್ತಿಗೆ ಗೋಧಿ ಕಾಳಿನಷ್ಟು ಸುಣ್ಣಾ ಮೊಸರಾಗ ಕಲಿಸಿ ಕೊಡು, ತಾಕತ್ತು ಬರ್ತದ ಅಂತ ಗೋದಾ ಮೌಶಿ ಹೇಳಿದ್ರು. ದಿನಾ ನಿಮ್ಮ ಡಬ್ಬಿ ಮೊಸರಾಗ ಹಾಕ್ತಿದ್ದೆ. ಏನೂ ಫರಕ್ ಬೀಳಲಿಲ್ಲಂತ ಗೋಧಿ ಕಾಳು ಕಡ್ಲಿ ಕಾಳಾತು. ಆಮ್ಯಾಲೆ..." ಇಂದೂ ಬಿಕ್ಕಿದಳು. "ಆಮ್ಯಾಲೆ ಅಡಕಿ ಹೋಳಾತು. ಡಾಕ್ಟರ ಮುಂದ ಹೇಳ್ಲಿಕ್ಕೆ ಬಾಯೇ ಬರಲಿಲ್ರಿ."

ಅವಧೂತ ಬಾಯಿ ತೆರೆದ. ಅಷ್ಟರಲ್ಲಿ ಅವಳು ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಿದ್ದಳು. ಆ ಕಡೆಯಿಂದ ದೊಡ್ಡ ನಗು.

"ಅಲ್ರೀ, ಗಂಡ ಅಂತ ತಿಳದೀರೋ ಗ್ವಾಡಿ ಅಂತ ತಿಳದೀರೋ, ಸುಣ್ಣಾ ಹಚ್ಚಲಿಕ್ಕೆ? ಮೊದಲಽ ಹೇಳೂದಲ್ಲೇನು! ಸೋಮವಾರ ಬ್ಯಾಡ ಹಂಗಾದ್ರ. ಸುಣ್ಣಾ ಬಂದ್ ಮಾಡ್ರಿ, ನೀರು ಛಲೋತ್ನಾಗಿ ಕುಡೀಲಿ. ಹದಿನೈದು ದಿನಕ್ಕ ಮತ್ತ ರಕ್ತ ನೋಡೂಣು."

ಇಂದೂ ಡಾಕ್ಟರ ಚೀಟಿಯನ್ನು ಮುದುಡಿ ಕಸದ ಬುಟ್ಟಿಗೆ ಎಸೆದಳು. ಅತ್ತ ಕಣ್ಣಲ್ಲೇ ನಕ್ಕಳು. ಹತ್ತು ನಿಮಿಷದಲ್ಲಿ ಸುದ್ದಿ ಸೊಸೈಟಿ ತುಂಬ ಹರಡಿತು. ಗೋದಾ ಮೌಶಿ ನಾಚುವ ಬದಲು ಸೆಟೆದು ನಿಂತು, "ನನ್ನ ಔಷಧದಾಗ ತಾಕತ್ತು ಅದ ಅನ್ನೂದು ಈಗರೆ ಖಾತ್ರಿ ಆತಿಲ್ಲೋ?" ಎಂದು ಎಲ್ಲರಿಗೂ ಶಿರಾ ಮಾಡಲು ರವೆ ಹುರಿಯತೊಡಗಿದರು.

ಅವಧೂತ ಮಾತ್ರ ತೆರೆದ ಬಾಯಿಯನ್ನು ಮುಚ್ಚಿಕೊಂಡು ಬಾಲ್ಕನಿಗೆ ಹೋಗಿ ನಿಂತಿದ್ದ. ಡಬ್ಬಿಯ ಮೊಸರು! ಎಂಟು ತಿಂಗಳಲ್ಲಿ ಅದರ ಒಂದು ಚಮಚ ಅವನ ನಾಲಿಗೆಗೆ ತಾಗಿರಲಿಲ್ಲ. ದಿನಾ ಸಂಜೆ "ಮೊಸರು ಹೆಂಗಿತ್ರಿ?" ಎಂದು ಅವಳು ಕೇಳಿದಾಗ "ಭಾಳ ಛಲೋ ಇತ್ತು" ಎಂದದ್ದೊಂದೇ ಅವನ ಪಾಲು. ಹಾಗಾದರೆ ಈ ಹನ್ನೆರಡು ಎಲ್ಲಿಂದ ಬಂತು? ಒಳಗೆ ಹೆಂಡತಿ ಎಷ್ಟೋ ದಿನಗಳ ಮೇಲೆ ಹಾಡು ಗುನುಗುತ್ತಿದ್ದಳು. ಹದಿನೈದು ದಿನ ಸುಮ್ಮನಿದ್ದರೆ ಹದಿನೈದು ದಿನ ಅವಳು ಹೀಗೇ ಇರುತ್ತಾಳೆ ಎಂದುಕೊಂಡ. ಅವನಿಗೂ ಹಾಗೇ ಇರುವ ಆಸೆಯಾಯಿತು.

ಫೋನು ಬಂತು. ಸುಹಾಸ.

"ಜಮಖಂಡಿ ಸಾಹೇಬ್ರ, ಒಂದು ನಾಜೂಕ ಮಾತು. ನಾಲ್ಕ ತಿಂಗಳಿಂದ ನನ್ನ ಹೊಟ್ಟಿ ಕಲ್ಲಾಗಿ ಕುಂತದ. ಏನ ಮಾಡಿದ್ರೂ ಜಗ್ಗವಲ್ದು. ಇಂದೂ ವಹಿನಿ ಆ ಮೊಸರಿಗೆ ಏನ ಹಾಕ್ತಾರ ಸ್ವಲ್ಪ ಕೇಳ್ರಿ."

"ಇನ್ನ ಮ್ಯಾಲೆ ಆ ಮೊಸರು ಮುಟ್ಟಬ್ಯಾಡ ಮಾರಾಯಾ. ನೀನೂ ರಕ್ತ ತೋರಿಸ್ಕೋ."

"ಅಂಥಾದ್ದೇನದ? ಸೋಮವಾರ ಬಂದು ಹೇಳ್ರಿ ಹಂಗಾದ್ರ."

"ಸೋಮವಾರ ನಾ ಬರೂದಿಲ್ಲ," ಎಂದ ಅವಧೂತ. "ದವಾಖಾನಿಗೆ ಅಡ್ಮಿಟ್ ಆಗಬೇಕು."

ಹಾಗೆ ಅಂದ ಮೇಲೆಯೇ ತಾನು ಹಾಗೆ ನಿಶ್ಚಯಿಸಿದ್ದು ಅವನಿಗೂ ತಿಳಿಯಿತು. ತಿರುಗಿ ನೋಡಿದ. ಬಾಗಿಲಲ್ಲಿ ಶಿರಾದ ಬಟ್ಟಲು ಹಿಡಿದು, ಮಾತೆಲ್ಲ ಕೇಳಿಸಿಕೊಂಡು ಇಂದೂ ನಿಂತಿದ್ದಳು.

"ಒಂದ ದಿನಾನೂ?" ಎಂದಳು.

"ಒಂದ ದಿನಾನೂ ತಿಂದಿಲ್ಲ, ಇಂದೂ."

ಅವಳು ಬೈಯಲಿಲ್ಲ. ಬಟ್ಟಲನ್ನು ಅಲ್ಲೇ ಇಟ್ಟು, ಒಳಗೆ ಹೋಗಿ, ಕಸದ ಬುಟ್ಟಿಯ ಮುಂದೆ ಕೂತು ಚೀಟಿ ಹುಡುಕತೊಡಗಿದಳು.