ಕತ್ತೊಂದು ಬಾಕಿ

ಚಳಿ ಆಗಷ್ಟೇ ಊರೊಳಗೆ ಕಾಲಿಡುತ್ತಿತ್ತು. ತೆನೆ ತಲೆ ಬಾಗಿಸಿ ನಿಂತಿದೆ, ಇನ್ನು ಎಂಟು ದಿನಕ್ಕೆ ಕೊಯ್ಲು ಎಂಬುದು ಎಲ್ಲರಿಗೂ ಒಂದೇ ದಿನ ನೆನಪಾಗಿ, ಕಮ್ಮಾರನ ಕುಲುಮೆಯ ಮುಂದೆ ಕುಡುಗೋಲುಗಳ ರಾಶಿ ಬಿದ್ದಿತ್ತು. ಹಲ್ಲು ಸವೆದವು, ಹಿಡಿ ಕಳಚಿದವು, ವರ್ಷವಿಡೀ ಸೂರಿನಲ್ಲಿ ಸಿಕ್ಕಿಕೊಂಡು ತುಕ್ಕು ತಿಂದವು. ಕಮ್ಮಾರ ಬೆಳಗಾಗುವಾಗಲೇ ತಿದಿ ಒತ್ತುತ್ತ ಕೂತಿದ್ದ. ಅವನ ತೋಳು ನೋಡಿ ಊರು ಅವನಿಗೆ ಸಮ್ಮಟಿಗೆ ಎಂದು ಹೆಸರಿಟ್ಟಿತ್ತು. ತಾಯಂದಿರು ಅವನನ್ನು ತೋರಿಸಿಯೇ ಮಕ್ಕಳಿಗೆ ಉಣ್ಣಿಸುತ್ತಿದ್ದರು. ಕೆಲವರು "ಉಂಡರೆ ಹಾಗಾಗ್ತೀಯ" ಅನ್ನುತ್ತಿದ್ದರು, ಕೆಲವರು "ಉಣ್ಣದಿದ್ರೆ ಅವನಿಗೆ ಕೊಟ್ಟುಬಿಡ್ತೀನಿ" ಅನ್ನುತ್ತಿದ್ದರು.

ಹತ್ತು ಕುಡುಗೋಲು ಹದಕ್ಕೆ ಬಂದ ಮೇಲೆ ಸಮ್ಮಟಿಗೆ ಎದ್ದು, "ಇದ್ದಿಲು ತರ್ತೀನಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಹಿಂದಿನ ಇದ್ದಿಲು ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡ.

ಅವನು ಇದ್ದಿಲು ತರಲು ಹೋದರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಯಾಕೆಂದರೆ ಅವನು ಅಲ್ಲಿ ಹೆಣೆಯುತ್ತಿದ್ದ.

ಹೌದು, ಉಣ್ಣೆ ನೂಲು ಹಿಡಿದು ಸ್ವೆಟರು ಹೆಣೆಯುತ್ತಿದ್ದ. ಚಿಕ್ಕಂದಿನಲ್ಲಿ ಜ್ವರ ಬಂದು ಮೂರು ತಿಂಗಳು ಮಲಗಿದ್ದಾಗ ಅಜ್ಜಿ ಕೈಗೆ ಕೊಟ್ಟ ಕಡ್ಡಿ ಆಮೇಲೆ ಕೈ ಬಿಡಲಿಲ್ಲ. ಸೈಕಲ್ಲಿನ ಕಡ್ಡಿಗಳನ್ನು ತಾನೇ ಕಾಸಿ, ತುದಿ ಉಜ್ಜಿ, ಬೆಣ್ಣೆಯಂಥ ಸೂಜಿ ಮಾಡಿಕೊಂಡಿದ್ದ. ಇದ್ದಿಲು ಕೋಣೆಯಲ್ಲಿ ಬಣ್ಣದ ನೂಲು ಬಾಳುವುದಿಲ್ಲವೆಂದು ಹದಿನೈದು ವರ್ಷದಿಂದ ಬರೀ ಕಪ್ಪು ನೂಲಿನಲ್ಲೇ ಹೆಣೆಯುತ್ತಿದ್ದ. ಕಬ್ಬಿಣ ಏಟಿಗೆ ಮಣಿಯುತ್ತದೆ. ನೂಲಿಗೆ ಏಟಿನ ಭಾಷೆಯೇ ತಿಳಿಯದು. ದಿನವಿಡೀ ಬಡಿದವನಿಗೆ ಅದೇ ಹಿತ. ಆದರೆ ಊರಿಗೆ ಗೊತ್ತಾದರೆ? ಸಮ್ಮಟಿಗೆ ಎಂದವರು ನಾಳೆಯಿಂದ ಸೂಜಿ ಎನ್ನುತ್ತಾರೆ. ಇದೇ ಭಯದಿಂದ ಹೆಂಡತಿಯೂ ಮೂರು ದಿನದ ಹಿಂದೆ, "ಒಂದೋ ಆ ನೂಲು ಬಿಡಿ, ಇಲ್ಲಾ ನನ್ನ ಬಿಡಿ" ಎಂದು ತವರಿಗೆ ಹೋಗಿದ್ದಳು. ನೂಲು ಇಲ್ಲೇ ಇತ್ತು.

ಒಬ್ಬನೇ ಇದ್ದಾಗ ಗೊಣಗಿಕೊಳ್ಳುವುದು ಅವನ ಚಾಳಿ. "ಬೆನ್ನಾಯ್ತು. ಕೈ ಎರಡೂ ಆಯ್ತು. ಕತ್ತೊಂದು ಬಾಕಿ," ಎಂದ. "ಇವತ್ತು ಕತ್ತಲಾಗೋದ್ರೊಳಗೆ ಈ ಹೆಣಿಗೆಗೆ ಒಂದು ಗತಿ ಕಾಣಿಸಬೇಕು."

ಗೋಡೆಯ ಆಚೆ ಬದಿಗೆ ಬಿಸಿಲು ಕಾಯುತ್ತ ಅಂಚೆ ತಾತ ಕೂತಿದ್ದ. ಮೂವತ್ತು ವರ್ಷ ಊರವರ ಸುದ್ದಿಯನ್ನು ಒಡೆಯದೆ ಹಂಚಿದವನು ನಿವೃತ್ತನಾದ ಮೇಲೆ ಒಡೆದು ಹಂಚತೊಡಗಿದ್ದ. ಕಿವಿ ಅರ್ಧ ಮಂದ; ಕೇಳದ ಅರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದ. ಬೆನ್ನು, ಕೈ, ಕತ್ತು ಎಲ್ಲ ಸರಿಯಾಗಿಯೇ ಕೇಳಿದವು. ಹೆಣಿಗೆ ಮಾತ್ರ ಗೋಡೆ ದಾಟುವಷ್ಟರಲ್ಲಿ ಹೆಣವಾಗಿತ್ತು.

ತಾತ ಊರುಗೋಲು ಅಲ್ಲೇ ಬಿಟ್ಟು ಓಡಿದ.

ಸಮ್ಮಟಿಗೆ ಹೊರಗೆ ಬರುವ ಹೊತ್ತಿಗೆ ಬೀದಿಯ ಗಾಳಿಯೇ ಬೇರೆಯಾಗಿತ್ತು. ನಿನ್ನೆಯಷ್ಟೇ "ನಿನ್ನ ಸುತ್ತಿಗೆಗೆ ಬೆಂಕಿ ಬೀಳ, ನನ್ನ ಕುಡುಗೋಲು ಯಾವಾಗ ಕೊಡ್ತೀಯೋ" ಎಂದು ಕೂಗಾಡಿದ್ದ ಹಾಲಿನವಳು ಇವತ್ತು ದೂರದಲ್ಲೇ ನಿಂತಳು.

"ಅವಸರ ಏನಿಲ್ಲ ಅಣ್ಣಾ. ನಿಮಗೆ ಯಾವಾಗ ಅನುಕೂಲವೋ ಆಗ. ಕೊಡದಿದ್ರೂ ಪರವಾಗಿಲ್ಲ."

"ಆಗಿದೆ, ತಗೊಂಡು ಹೋಗಮ್ಮಾ," ಎಂದು ಕುಡುಗೋಲು ಎತ್ತಿ ಚಾಚಿದ. ಅವಳು ಚೊಂಬು ಬಿಸಾಕಿ ಓಡಿದಳು.

ಎದುರು ಅಂಗಡಿಯ ದರ್ಜಿ ಅಕ್ಕ ಧೈರ್ಯಸ್ಥೆ. ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬಂದಳು.

"ಎಲ್ಲಪ್ಪಾ, ನಿನ್ನ ಹೆಂಡ್ತಿ ಕಾಣ್ತಾ ಇಲ್ಲ?"

"ತವರಿಗೆ ಹೋಗಿದಾಳೆ ಅಕ್ಕಾ."

"ಯಾಕೆ?"

ಯಾಕೆಂದು ಹೇಗೆ ಹೇಳುವುದು? "ಸುಮ್ನೆ."

"ಕೊಯ್ಲು ಮುಂದಿಟ್ಕೊಂಡು ಸುಮ್ನೆ ಯಾರು ಹೋಗ್ತಾರೆ? ಅದೇನದು ತೋಳ ಮೇಲೆ?"

ಬೆವರಿದ ತೋಳಿಗೆ ಗೇಣುದ್ದದ ಕಪ್ಪು ಎಳೆಯೊಂದು ಅಂಟಿಕೊಂಡಿತ್ತು. ಸಮ್ಮಟಿಗೆ ಗಾಬರಿಯಿಂದ ಅದನ್ನು ಕಿತ್ತು ಬೆಂಕಿಗೆ ಹಾಕಿದ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆಯೇ ಬರುವುದು. ದರ್ಜಿ ಅಕ್ಕ ಮೂಗು ಮುಚ್ಚಿಕೊಂಡಳು, ಆಮೇಲೆ ಬಾಯಿ, ಆಮೇಲೆ ಅಂಗಡಿ.

ಮಧ್ಯಾಹ್ನದ ಹೊತ್ತಿಗೆ ಪೇದೆ ಬಂದ. ಹಿಂದೆ ಇಡೀ ಬೀದಿ.

"ಇದ್ದಿಲು ಕೋಣೆ ಬಾಗಿಲು ತೆಗಿ."

"ಅಲ್ಲಿ ಬರೀ ಇದ್ದಿಲು, ಸ್ವಾಮೀ."

"ಹಾಗಾದ್ರೆ ಬೆವರ್ತೀಯ ಯಾಕೆ?"

"ಕುಲುಮೆ ಮುಂದೆ ಕೂತ್ರೆ ಚಳಿ ಆಗತ್ತಾ?"

"ಎದುರು ಮಾತಾಡ್ತಾನೆ, ಬರಕೊಳ್ಳಿ," ಎಂದ ಅಂಚೆ ತಾತ ಪೇದೆಯ ಬೆನ್ನ ಹಿಂದಿನಿಂದ. "ಬೆನ್ನು ಮುಗೀತು, ಕೈ ಎರಡೂ ಮುಗೀತು, ಕತ್ತೊಂದು ಬಾಕಿ, ಹೆಣಕ್ಕೆ ಗತಿ ಕಾಣಿಸಬೇಕು ಅಂದ. ಈ ಕಿವಿಯಲ್ಲೇ ಕೇಳಿದೀನಿ. ಎಂಥಾ ಹುಡುಗಿ! ನನಗೆ ಒಂದು ದಿನವೂ ಎದುರು ಮಾತಾಡಿದವಳಲ್ಲ."

ಸಮ್ಮಟಿಗೆಗೆ ಈಗ ಅರ್ಥವಾಯಿತು. ನಗು ಬಂತು, ನುಂಗಿಕೊಂಡ. ಬಾಗಿಲು ತೆರೆದರೆ ಹೆಣಿಗೆಯವನು, ತೆರೆಯದಿದ್ದರೆ ಹೆಣದವನು. ಜನರ ಮುಖ ನೋಡಿದ. ಎಲ್ಲರ ಕಣ್ಣಲ್ಲೂ ಭಯ, ಭಯದ ಜೊತೆಗೆ ಇದುವರೆಗೆ ಯಾರೂ ಕೊಡದಿದ್ದ ಮರ್ಯಾದೆ. ಒಂದು ಗಳಿಗೆ, ಸುಳ್ಳೇಕೆ, ಸುಮ್ಮನಿದ್ದುಬಿಡೋಣ ಅನ್ನಿಸಿದ್ದೂ ನಿಜ. ಹೆಂಡತಿಯನ್ನು ಕೊಂದವನಿಗೆ ಜೈಲಾಗಬಹುದು, ಅಡ್ಡಹೆಸರಂತೂ ಇಡುವುದಿಲ್ಲ.

ಆದರೆ ಹದಿನೈದು ವರ್ಷ ಕತ್ತಲಲ್ಲಿ ಕೂತು ಸಾಕಾಗಿತ್ತು. ಸೂಜಿ ಅಂದರೆ ಅನ್ನಲಿ. ತಾನೇ ಅಗುಳಿ ಸರಿಸಿ, ಮೂಟೆಯ ಹಿಂದಿನಿಂದ ಕಪ್ಪು ಸ್ವೆಟರನ್ನು ಸೂಜಿ ಸಮೇತ ತಂದು ಎಲ್ಲರೆದುರಿಗೆ ಎತ್ತಿ ಹಿಡಿದ.

"ನೋಡಿ. ಇದು ಹೆಣ ಅಲ್ಲ, ಹೆಣಿಗೆ. ಇದು ಬೆನ್ನು, ಇವು ಕೈ, ಕತ್ತು ಇನ್ನೂ ಆಗಿಲ್ಲ. ಹೆಣೆಯೋದು ನಾನೇ. ಗಂಡಸರು ಹೆಣೆಯಲ್ಲ ಅಂತೀರಿ, ನಾನು ಹೆಣೀತೀನಿ. ನಾನಿರೋದೇ ಹೀಗೆ. ಇಷ್ಟು ದಿನ ನಾಚಿಕೆ ಪಟ್ಟೆ, ಇನ್ನು ಪಡಲ್ಲ. ನಗೋರು ನಕ್ಕುಬಿಡಿ!"

ಎದೆಯ ಮೇಲಿಂದ ಕುಲುಮೆಯ ಅಡಿಗಲ್ಲೇ ಇಳಿದಂತಾಯಿತು. ನಗುವಿಗಾಗಿ ಕಾದ. ಯಾರೂ ನಗಲಿಲ್ಲ.

ದರ್ಜಿ ಅಕ್ಕ ಮುಂದೆ ಬಂದು ಸ್ವೆಟರನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಪ್ಪತ್ತು ವರ್ಷದ ಅನುಭವದ ಮೇಲೆ ಹೇಳ್ತೀನಿ. ಇದು ಹೆಂಗಸಿನ ಕೈ."

"ಅಂದ್ರೆ ಅವಳದೇ!" ಅಂಚೆ ತಾತ ಕಣ್ಣೊರೆಸಿಕೊಂಡ. "ಪಾಪ, ಕತ್ತು ಮುಗಿಸೋಕೂ ಬಿಡಲಿಲ್ವಲ್ಲೋ ಪಾಪಿ."

"ಅಯ್ಯೋ, ಸೂಜಿ ಕೊಡಿ ಇಲ್ಲಿ, ಎರಡು ಸಾಲು ಹೆಣೆದು ತೋರಿಸ್ತೀನಿ."

ಪೇದೆ ಸ್ವೆಟರನ್ನು ಕಂಕುಳಿಗೆ ಸೇರಿಸಿದ. "ಆರೋಪಿ ಕೈಗೆ ಚೂಪಾದ ವಸ್ತು ಕೊಡೋ ಹಾಗಿಲ್ಲ."

ದಿನಕ್ಕೆ ನೂರು ಕುಡುಗೋಲು ಮಸೆಯುವವನು ತನ್ನ ಬರಿಗೈ ನೋಡಿಕೊಂಡ. ಕಡೆಗೆ ಎರಡು ತೋರುಬೆರಳು ಚಾಚಿ ಗಾಳಿಯಲ್ಲೇ ಹೆಣೆಯತೊಡಗಿದ. "ಹೀಗೆ ಒಳಗೆ, ಹೀಗೆ ಸುತ್ತು, ಹೀಗೆ ಹೊರಗೆ..."

"ತಲೆ ಕೆಟ್ಟಿದೆ," ಎಂದು ಯಾರೋ ಮೆಲ್ಲಗೆ ಹೇಳಿದರು. "ಪಶ್ಚಾತ್ತಾಪ."

ಅಷ್ಟರಲ್ಲಿ ಬೀದಿ ಕೊನೆಗೆ ಬಸ್ಸು ನಿಂತು, ಹೆಣ ಕೈಚೀಲ ಹಿಡಿದು ಇಳಿಯಿತು. ಸಿಟ್ಟು ಇಳಿದು ಬಂದವಳಲ್ಲ, ಮೂರನೆಯ ದಿನಕ್ಕೇ ಅಣ್ಣನ ಹೆಂಡತಿ "ವಾಪಸ್ಸು ಯಾವ ಬಸ್ಸಿಗೆ?" ಎಂದು ಕೇಳಿದ್ದಳು. ಗುಂಪು ಎರಡಾಗಿ ದಾರಿ ಬಿಟ್ಟಿತು. ಅವಳು ಗಂಡನ ಗಾಳಿಯಲ್ಲಾಡುವ ಬೆರಳು ನೋಡಿದಳು, ಪೇದೆಯ ಕಂಕುಳಿನ ಸ್ವೆಟರು ನೋಡಿದಳು, ಊರವರ ಮುಖ ನೋಡಿದಳು. ಮನೆಯ ಮಾನ ಹೋಗಲು ಇನ್ನೆಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿದಳು.

"ಕೊಡಿ ಇಲ್ಲಿ ನಂದು," ಎಂದು ಸ್ವೆಟರು ಕಿತ್ತುಕೊಂಡಳು. "ಅರ್ಧ ಹೆಣೆದು ಊರಿಗೆ ಹೋದ್ರೆ ಬೀದಿಗೆ ತಂದು ಹರಡಿದೀರಲ್ಲ!"

ಹುಟ್ಟಿದಾಗಿನಿಂದ ನೂಲು ಮುಟ್ಟದವಳು ಸೂಜಿಗಳನ್ನು ಸಾರಿನ ಸೌಟಿನಂತೆ ಮುಷ್ಟಿಯಲ್ಲಿ ಹಿಡಿದು ನಿಂತಳು.

"ಹಿಡಿದಿರೋ ಗತ್ತು ನೋಡಿ," ಎಂದಳು ದರ್ಜಿ ಅಕ್ಕ. "ನಾನು ಹೇಳಲಿಲ್ವಾ?"

"ಸುಳ್ಳು!" ಸಮ್ಮಟಿಗೆ ಕೂಗಿದ. "ಹೆಣೆದದ್ದು ನಾನು! ಅವಳಿಗೆ ಗಂಟು ಹಾಕೋಕೂ ಬರಲ್ಲ!"

ಬೀದಿಗೆ ಬೀದಿಯೇ ಅವನ ಕಡೆ ತಿರುಗಿತು. ಕೊಲೆಗಾರನೆಂದುಕೊಂಡಾಗಲೂ ಅವರು ಹೀಗೆ ನೋಡಿರಲಿಲ್ಲ.

"ಥೂ," ಎಂದಳು ಹಾಲಿನವಳು, ಈಗ ಎರಡು ಹೆಜ್ಜೆ ಹತ್ತಿರಕ್ಕೇ ಬಂದು. "ಹೆಂಡ್ತಿ ಕಷ್ಟಪಟ್ಟು ಹೆಣೆದದ್ದಕ್ಕೆ ತನ್ನ ಹೆಸರು ಹಾಕ್ಕೊಳ್ತಾನಲ್ಲ. ಇಂಥ ಗಂಡಸರನ್ನ ಬೇಕಾದಷ್ಟು ನೋಡಿದೀವಿ."

"ಬಿಡಿ, ಬಿಡಿ," ಎಂದು ಹೆಂಡತಿ ದೊಡ್ಡ ಮನಸ್ಸು ಮಾಡಿದಳು. "ನಮ್ಮೆಜಮಾನ್ರು ಮನಸ್ಸಲ್ಲಿ ಒಳ್ಳೆಯವರೇ. ಇದೆಲ್ಲ ಅವರಿಗೆ ತಿಳಿಯಲ್ಲ."

ಚಳಿ ಬೇರೆ ಶುರುವಾಗಿತ್ತು. ಪೇದೆ, ತನ್ನ ಅಳತೆಗೊಂದು ಆಗಬಹುದೇ ಎಂದು ಅವಳನ್ನು ಕೇಳಿದ. ದರ್ಜಿ ಅಕ್ಕ ಅಳತೆಪಟ್ಟಿ ತಂದಳು. ಅಂಚೆ ತಾತನಿಗೆ ಕಿವಿ ಮುಚ್ಚುವಂಥ ಟೋಪಿ ಬೇಕಿತ್ತು. ಸಂಜೆಯೊಳಗೆ ಹದಿನಾಲ್ಕು ಜನ ಕೈ ಚಾಚಿ, ಬೆನ್ನು ತಿರುಗಿಸಿ, ಕತ್ತು ಕೊಟ್ಟು ಹೋದರು. ತಪ್ಪಾಯಿತು ಎಂಬ ಒಂದು ಮಾತನ್ನು ಮಾತ್ರ ಯಾರೂ ಕಮ್ಮಾರನಿಗೆ ಕೊಡಲಿಲ್ಲ. ಅದು ಇವತ್ತಿಗೂ ಬಾಕಿಯೇ ಇದೆ.

ಜನ ಕರಗಿದ ಮೇಲೆ ಹೆಂಡತಿ ಅಳತೆಯ ಚೀಟಿಗಳನ್ನು ಅವನ ಮುಂದಿಟ್ಟಳು.

"ಕೊಯ್ಲು ಮುಗಿಯೋದ್ರೊಳಗೆ ಕೊಡ್ತೀನಿ ಅಂದಿದೀನಿ. ಕೋಣೆ ಬಾಗಿಲು ಭದ್ರವಾಗಿ ಹಾಕ್ಕೊಳ್ಳಿ, ಗೊಣಗಬೇಡಿ. ಆಮೇಲೆ, ದರ್ಜಿ ಅಕ್ಕ ಹೇಳಿದ್ರು, ಒಳ್ಳೆ ಕೆಲಸದವರು ತಮ್ಮ ಹೆಸರು ಹಾಕ್ತಾರಂತೆ. ಒಂದೊಂದರ ಅಂಚಿಗೂ ನನ್ನ ಹೆಸರು ಹೆಣೆದುಬಿಡಿ."

ಸಮ್ಮಟಿಗೆ ಚೀಟಿಗಳನ್ನು ಪಕ್ಕಕ್ಕೆ ತಳ್ಳಿದ. ಆಗಲ್ಲ ಅನ್ನಲು ಬಾಯಿಯನ್ನೂ ತೆರೆದ. ಆದರೆ ಹೆಸರಿನ ಅಕ್ಷರ, ಅದೂ ಅಂಚಿಗೆ. ಅಂಥದ್ದನ್ನು ಅವನು ಇದುವರೆಗೆ ಹೆಣೆದಿರಲಿಲ್ಲ.

"ಯಾವ ಬಣ್ಣದಲ್ಲಿ?" ಎಂದು ಕೇಳಿದ.