ವ್ಯಾನಿನ ಒಕ್ಕಲು

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಯೋಜನೆ ಹಾಕುವುದೇ ನನಗೆ ಹೆಚ್ಚು ಇಷ್ಟ. ಯೋಜನೆಯಲ್ಲಿ ಯಾರಿಗೂ ವಾಂತಿಯಾಗುವುದಿಲ್ಲ, ಟಯರು ಪಂಕ್ಚರಾಗುವುದಿಲ್ಲ, ಬೆಟ್ಟದ ಮೇಲಿನ ಮಂಜು ನಾವು ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಸರಿಯುತ್ತದೆ. ಸೀತಾಂಗೋಳಿಯ ನನ್ನ ಹಾರ್ಡ್‌ವೇರ್ ಅಂಗಡಿಗೆ ಮಧ್ಯಾಹ್ನದ ಮೇಲೆ ಗಿರಾಕಿಗಳು ಕಡಿಮೆ. ಮೊಳೆ, ಬಿಜಾಗರಿಗಳ ನಡುವೆ ಕುಳಿತು ನಾನು ಊಟಿ ನೋಡಿ, ಮುನ್ನಾರಿಗೂ ಹೋಗಿ, ಸಂಜೆ ಬಾಗಿಲು ಹಾಕುವುದರೊಳಗೆ ವಾಪಸು ಬಂದದ್ದುಂಟು. ಹೆಂಡತಿ ಶಶಿಕಲಾಳಿಗೆ ಮಾತ್ರ ಈ ಬಗೆಯ ಪ್ರವಾಸದಲ್ಲಿ ನಂಬಿಕೆ ಇಲ್ಲ.

ಅವಳ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ನಮ್ಮ ಕಡೆಯವರು ಊರು ಬಿಟ್ಟು ಹೋದರೂ ನೆಂಟರ ಮನೆ ಬಿಟ್ಟು ಹೋಗುವವರಲ್ಲ. ಒಂದು ಊರಿಗೆ ಹೋಗಿ ಲಾಡ್ಜಿನಲ್ಲಿ ಉಳಿದೆವೆಂದು ಅಲ್ಲಿನ ನೆಂಟರಿಗೆ ಗೊತ್ತಾದರೆ ಮುಂದಿನ ಮದುವೆಯವರೆಗೂ ಮುಖ ಊದಿಸಿಕೊಂಡಿರುತ್ತಾರೆ. ಮದುವೆಯಾದ ಹೊಸತರಲ್ಲಿ ಶಶಿಯನ್ನು ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಉಳಿದದ್ದು ಸಂಬಂಧದಲ್ಲಿ ಮಾವನಾಗಬೇಕಾದ ಒಬ್ಬರ ಮನೆಯಲ್ಲಿ. ನಾನು ಮಾವನ ಜೊತೆ ಜಗಲಿಯಲ್ಲಿ ಕುಳಿತು ಮಂಜು ನೋಡಿದೆ. ಅವಳು ಅಡುಗೆಮನೆಯಲ್ಲಿ ಅತ್ತೆಯ ಜೊತೆ ಕುಳಿತು ತೆಂಗಿನಕಾಯಿ ತುರಿದಳು. ಮಡಿಕೇರಿ ಹೇಗುಂಟು ಎಂದು ಯಾರಾದರೂ ಕೇಳಿದರೆ ಈಗಲೂ ಅವಳು ಹೇಳುವುದು ಒಂದೇ ಮಾತು: "ಅಲ್ಲಿನ ತುರಿಮಣೆ ಒಳ್ಳೆ ಹರಿತ ಉಂಟು."

ಮಗಳ ಮದುವೆ ಮುಗಿದ ಮೇಲೆ ಒಂದು ದಿನ ಅವಳು ನೇರವಾಗಿಯೇ ಕೇಳಿದಳು. "ಒಂದು ಗುಡ್ಡದ ಮೇಲೆ ಒಂದು ಬೆಳಗ್ಗೆ ನಾನು ಏಳಬೇಕು. ಏಳುವಾಗ ಚಹಾವನ್ನು ಬೇರೆ ಯಾರಾದರೂ ಮಾಡಿರಬೇಕು. ಮತ್ತೆ ನನಗೆ ಎಂತದೂ ಬೇಡ."

"ಗುಡ್ಡಕ್ಕೆಂತ ಬರ? ನಮ್ಮ ಕುಂಬ್ಡಾಜೆಯಲ್ಲಿ ಇರುವುದೆಲ್ಲ ಗುಡ್ಡವೇ ಅಲ್ವಾ?" ಎಂದೆ.

"ಈ ಗುಡ್ಡಕ್ಕೆ ನೆಂಟರು ಹತ್ತಿ ಬರ್ತಾರೆ," ಎಂದಳು.

ಆ ವರ್ಷ ಅವಳ ತಮ್ಮ ಜಯಂತ ಗಲ್ಫಿನಿಂದ ರಜೆಗೆ ಬಂದವನು ಈ ಮಾತು ಕೇಳಿಸಿಕೊಂಡ. ಅಲ್ಲಿನ ಮರುಭೂಮಿಯಲ್ಲಿ ಮಂಚ, ಒಲೆ ಎಲ್ಲ ಇರುವ ವ್ಯಾನು ತೆಗೆದುಕೊಂಡು ಹೋಗಿ ಜನ ಮಲಗಿ ಬರುವುದನ್ನು ಅವನು ನೋಡಿದ್ದನಂತೆ. "ಹಾಸಿಗೆ ನಮ್ಮದು, ಒಲೆ ನಮ್ಮದು. ನೆಂಟರಿಗೂ ಬೇಜಾರಿಲ್ಲ, ಅಕ್ಕನಿಗೂ ಬೇಜಾರಿಲ್ಲ. ಆಗುದಿಲ್ವಾ ಭಾವ?" ಎಂದ. ಆಗುವುದಿಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ವಾರದೊಳಗೆ ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸುಸ್ತಾದ ಒಂದು ಹಳದಿ ವ್ಯಾನು ನಮ್ಮ ಅಂಗಳಕ್ಕೆ ಬಂತು. ಸೀಟು ಕಿತ್ತರು, ಮಂಚ ಹೊಡೆದರು, ಒಂದು ಮೂಲೆಯಲ್ಲಿ ಕಲ್ಲು ಹಾಕಿ ಸಣ್ಣ ಗ್ಯಾಸಿನ ಒಲೆ ಕೂರಿಸಿದರು. ಮೊಳೆ, ಸ್ಕ್ರೂ ಎಲ್ಲ ನನ್ನ ಅಂಗಡಿಯದು. ಎಷ್ಟು ಉಜ್ಜಿದರೂ ಒಳಗಿನ ಪೆನ್ಸಿಲಿನ ವಾಸನೆ ಮಾತ್ರ ಹೋಗಲಿಲ್ಲ.

ಎಲ್ಲಿಗೆ ಎನ್ನುವುದನ್ನು ನಾನೇ ನಕ್ಷೆ ಹರಡಿ ತೀರ್ಮಾನಿಸಿದೆ. ಸುಳ್ಯದ ದಾರಿ ಹಿಡಿದರೆ ಚಿಕ್ಕಮ್ಮನ ಮನೆ ಸಿಗುತ್ತದೆ. ರಾಣಿಪುರ ಬೆಟ್ಟದ ಬುಡದಲ್ಲಿ ಸೋದರತ್ತೆಯ ಮಗ ರಬ್ಬರ್ ಹಾಕಿದ್ದಾನೆ. ಮಡಿಕೇರಿಯ ಹೆಸರೆತ್ತುವ ಧೈರ್ಯ ನನಗಿರಲಿಲ್ಲ. ಬೆರಳು ಕೊನೆಗೆ ವಯನಾಡಿನ ಮೇಲೆ ನಿಂತಿತು. "ಇಲ್ಲಿ ನಮ್ಮವರು ಅಂತ ಒಬ್ಬರೂ ಇಲ್ಲ," ಎಂದೆ. ಇಷ್ಟು ಸಂತೋಷದಿಂದ ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಊಟದ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಎರಡು ಹೊತ್ತು ಕುಚ್ಚಿಲಕ್ಕಿ ಗಂಜಿ ಬೀಳದಿದ್ದರೆ ನನಗೆ ಬೆಟ್ಟವೂ ಒಂದೇ, ಬಯಲೂ ಒಂದೇ. "ಈ ಒಲೆಯಲ್ಲಿ ಆ ಅಕ್ಕಿ ಬೇಯುವಾಗ ನನ್ನ ರಜೆ ಮುಗಿತದೆ ಭಾವ. ಬ್ರೆಡ್ಡು, ಮೊಟ್ಟೆ ಸಾಕು," ಎಂದ ಜಯಂತ. ಶಶಿ ಬ್ರೆಡ್ಡಿನ ಪಕ್ಷ ಸೇರಿದಳು. ಯಾರಿಗೂ ಹೇಳಬೇಡಿ, ಗುರುವಾರ ಬೆಳಗ್ಗೆ ಎದ್ದು ಹೋಗುವುದೇ ಎಂದು ನನಗೆ ತಾಕೀತು ಮಾಡಿದಳು.

ನಾನು ಯಾರಿಗೂ ಹೇಳಲಿಲ್ಲ. ಎಣ್ಮಕಜೆಯ ದೊಡ್ಡಮ್ಮನಿಗೆ ಮಾತ್ರ ಹೇಳಿದೆ. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ತಾಯಿ ಹೋದ ಮೇಲೆ ಅವರನ್ನು ಕೇಳದೆ ನಮ್ಮಲ್ಲಿ ಬಾವಿಯ ಹಗ್ಗವನ್ನೂ ಬದಲಾಯಿಸುವುದಿಲ್ಲ. ಅವರು ಮರುದಿನವೇ ಬಂದು ವ್ಯಾನಿನ ಒಳಗೆ ಇಣುಕಿ, ಮಂಚ ಮುಟ್ಟಿ, ಒಲೆ ನೋಡಿ, "ಒಲೆ ಹೊತ್ತಿಸಿ ಮಲಗುವ ಜಾಗ ಅಂದ ಮೇಲೆ ಇದು ಮನೆಯೇ. ಒಕ್ಕಲಾಗದೆ ಮಲಗ್ಲಿಕ್ಕಿಲ್ಲ," ಎಂದರು. ಹೊಸ ಮನೆಗೆ ಕಾಲಿಡುವ ಮೊದಲು ಹೋಮ ಮಾಡಿ, ಹಾಲು ಉಕ್ಕಿಸಿ, ನೆಂಟರಿಗೆ ಊಟ ಹಾಕುವುದೇ ನಮ್ಮ ಒಕ್ಕಲು. ಇದು ವಾಹನ, ಟಯರಿಗೆ ನಿಂಬೆಹಣ್ಣು ಇಟ್ಟರೆ ಸಾಕು ಎಂದು ಜಯಂತ ವಾದಿಸಿದ. "ನಿಂಬೆಹಣ್ಣೂ ಇಡು, ಬೇಡ ಅಂದವರು ಯಾರು?" ಎಂದರು ದೊಡ್ಡಮ್ಮ.

ಗುರುವಾರ ಬೆಳಗ್ಗೆ ಭಟ್ಟರು ಬಂದರು. ವ್ಯಾನಿಗೆ ಒಂದು ಸುತ್ತು ಬಂದು ಗಲ್ಲ ತುರಿಸಿಕೊಂಡರು. "ಎಲ್ಲ ಸರಿ ಉಂಟು. ಒಲೆ ವಾಯವ್ಯಕ್ಕೆ ಬಿದ್ದಿದೆ. ಆಗ್ನೇಯಕ್ಕೆ ಬರಬೇಕಿತ್ತು."

"ಒಂದು ನಿಮಿಷ ಭಟ್ರೇ," ಎಂದು ಜಯಂತ ಹತ್ತಿ ಕುಳಿತು, ಹಿಂದೆ ಮುಂದೆ ಮಾಡಿ, ಮೂತಿಯನ್ನು ದಾಸವಾಳದ ಗಿಡಕ್ಕೆ ಒರಗಿಸಿ ನಿಲ್ಲಿಸಿದ. ಒಲೆ ಆಗ್ನೇಯಕ್ಕೆ ಬಂತು. ಎಷ್ಟೋ ಮನೆಗಳಲ್ಲಿ ಗೋಡೆ ಒಡೆಸಿದ ಭಟ್ಟರು ವ್ಯಾನಿಗೆ ಇನ್ನೊಂದು ಸುತ್ತು ಬಂದರು. "ಇಷ್ಟು ಸುಲಭದ ಮನೆ ನಾನು ನೋಡಿದ್ದಿಲ್ಲ," ಎಂದರು. ಘಾಟಿಯ ತಿರುವುಗಳಲ್ಲಿ ಅದೇ ಒಲೆ ಎಂಟು ದಿಕ್ಕಿಗೂ ಹೋಗಿ ಬರುವುದನ್ನು ಅವರಿಗೆ ಯಾರೂ ನೆನಪಿಸಲಿಲ್ಲ.

ಒಕ್ಕಲು ಎಂದ ಮೇಲೆ ಕರೆಯದಿರುವುದು ಹೇಗೆ? ನಾನು ಹತ್ತಿರದವರಿಗೆ ಮಾತ್ರ ಫೋನು ಮಾಡಿದ್ದೆ. ಫೋನಿಗೆ ಎಲ್ಲರೂ ಹತ್ತಿರದವರೇ. ಅಂಗಳ ತುಂಬಿತು. ಶಶಿ ಹಾಲು ಉಕ್ಕಿಸಿ ಇಳಿದವಳು ನೇರ ಹಳೆ ಮನೆಯ ಅಡುಗೆಕೋಣೆಗೆ ಹೋದಳು. ಮತ್ತೆ ನಾನು ಅವಳನ್ನು ಕಂಡದ್ದು ಸಂಜೆ. ದೊಡ್ಡಮ್ಮನೊಬ್ಬರನ್ನು ಬಿಟ್ಟು ಹೆಂಗಸರೆಲ್ಲ ಸಂಜೆಯ ಬಸ್ಸಿಗೆ ಹೊರಟರು, ಅವರವರ ಮನೆಯಲ್ಲಿ ಅವರವರ ಒಲೆ ಕಾಯುತ್ತಿತ್ತು. ಗಂಡಸರು ಮಾತ್ರ ನಿಧಾನಕ್ಕೆ ಹೋದರಾಯಿತು ಎಂದು ಕಾಲು ಚಾಚಿದರು. ಪ್ರಯಾಣ ಮುಂದಕ್ಕೆ ಹೋಯಿತು. ಶಶಿ ರಾಶಿ ಬಿದ್ದ ಪಾತ್ರೆಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಜಯಂತನ ರಜೆ ಮುಗಿಯುತ್ತಾ ಬಂದಿತ್ತು, ಆ ವ್ಯಾನು ಓಡಿಸಲು ಬರುವುದು ಅವನಿಗೊಬ್ಬನಿಗೇ. ಈ ಸಲವೂ ಅವಳ ಬೆಳಗ್ಗೆಯನ್ನು ಕಳೆದವನು ನಾನೇ.

"ಹಾಲು ಉಕ್ಕಿಸಿದ ಮನೆಯನ್ನು ಖಾಲಿ ಬಿಡ್ಲಿಕ್ಕಿಲ್ಲ. ಶಶಿ ಅಲ್ಲಿ ದೀಪ ಇಟ್ಟು ಅಲ್ಲೇ ಮಲಗಲಿ," ಎಂದರು ದೊಡ್ಡಮ್ಮ. ಅವಳು ಹಾಗೆಯೇ ಮಾಡಿದಳು.

ಬೆಳಗ್ಗೆ ನಾನು ಎದ್ದು ಬರುವಾಗ ವ್ಯಾನು ಗುರುಗುಟ್ಟುತ್ತಿತ್ತು. ಸ್ಟಿಯರಿಂಗಿನಲ್ಲಿ ಜಯಂತ, ಪಕ್ಕದಲ್ಲಿ ಶಶಿ, ತಲೆಗೆ ಶಾಲು ಸುತ್ತಿಕೊಂಡು ಮುಂದೆಯೇ ನೋಡುತ್ತಿದ್ದಳು.

"ದೊಡ್ಡಮ್ಮ, ಇವರು ಎಲ್ಲಿಗೆ?"

"ಹೊಸ ಒಕ್ಕಲಿನ ಮನೆಯಲ್ಲಿ ಹೆಂಗಸು ಇರಬೇಕು. ಮನೆ ಹೊರಟರೆ ಅವಳೂ ಹೊರಟಳು," ಎಂದರು ಅವರು.

"ಮತ್ತೆ ನಾನು?"

"ಈ ಮನೆಯನ್ನಾದರೂ ಖಾಲಿ ಬಿಡ್ಲಿಕ್ಕೆ ಆಗ್ತದಾ? ನೆಂಟರಿದ್ದಾರೆ. ಕರೆದವ ನೀನೇ ಅಲ್ವಾ?" ಎಂದವರು, ದನಿ ತಗ್ಗಿಸಿ, "ಸದಾಶಿವ, ಆ ಮಡಿಕೇರಿಯ ಮನೆಗೆ ನಾನೂ ಹೋದವಳೇ. ಮಂಜು ಕಾಣಲಿಲ್ಲ, ಒಲೆಯ ಹೊಗೆ ಕಂಡೆ," ಎಂದರು. ದಾಸವಾಳದ ಎರಡು ಗೆಲ್ಲು ಮುರಿದುಕೊಂಡು ನಮ್ಮ ಹೊಸ ಮನೆ ಗೇಟು ದಾಟಿ ಹೋಯಿತು.

ಮರುದಿನ ಬೆಳಗ್ಗೆ ವಯನಾಡಿನಿಂದ ಫೋನು ಬಂತು. "ಎದುರಿಗೇ ಗುಡ್ಡ ಕಾಣ್ತದೆ. ಈಗ ಎದ್ದದ್ದಷ್ಟೆ. ಜಯಂತ ಚಹಾ ಕೊಟ್ಟ," ಎಂದಳು. ಅವಳ ದನಿಯಲ್ಲಿ ಅಂಥ ನಿದ್ದೆಯ ಸುಖವನ್ನು ಅದುವರೆಗೆ ನಾನು ಕೇಳಿರಲಿಲ್ಲ. ನಿಜ ಹೇಳುತ್ತೇನೆ, ಕೇಳಿ ಸಂತೋಷವಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. "ನೀವು ಎಂತ ಮಾಡ್ತಾ ಇದ್ದೀರಿ?" ಎಂದು ಕೇಳಿದಳು.

ಜಗಲಿಯಿಂದ ನೆಂಟರೊಬ್ಬರು ತಮ್ಮ ಚಹಾಕ್ಕೆ ಸಕ್ಕರೆ ಕಡಿಮೆ ಇರಲಿ ಎಂದು ಕೂಗುತ್ತಿದ್ದರು. ಬಾಗಿಲ ಬಳಿ ಕುಳಿತ ದೊಡ್ಡಮ್ಮ, ಕರಟ ಸೇರಿಸಿ ತುರಿಯಬೇಡ ಎಂದು ಎಚ್ಚರಿಸುತ್ತಿದ್ದರು.

"ತೆಂಗಿನಕಾಯಿ ತುರಿತಾ ಇದ್ದೇನೆ," ಎಂದೆ. "ಈ ತುರಿಮಣೆ ಹರಿತವೇ ಇಲ್ಲ ಮಾರಾಯ್ತಿ. ಕೈಯೆಲ್ಲ ನೋವು."

ಆಚೆಯಿಂದ ಅವಳು ಚಹಾ ಗುಟುಕರಿಸುವ ಸದ್ದು ಕೇಳಿಸಿತು.

"ಹೌದು, ಸುಮಾರು ವರ್ಷದಿಂದ ಹಾಗೆಯೇ ಉಂಟು," ಎಂದಳು ಶಶಿ. "ನಿಮ್ಮದು ಹಾರ್ಡ್‌ವೇರ್ ಅಂಗಡಿ ಅಲ್ವಾ?"